ಕಂಪನಿ ಹೆಸರು ಆಮೇಲೆ ಹೇಳ್ತೀವಿ

ದನದ ಜಾತ್ರೆಯಲ್ಲಿ ವ್ಯಾಪಾರ ಕುದುರುವುದು ಟವೆಲ್ಲಿನ ಕೆಳಗೆ. ದಲ್ಲಾಳಿ ರೈತನ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬೆರಳು ಅದುಮಿ ಬೆಲೆ ತಿಳಿಸುತ್ತಾನೆ. ಸುತ್ತ ನಿಂತವರಿಗೆ ರೇಟು ಗೊತ್ತಾಗುವುದಿಲ್ಲ. ಆದರೆ ಎತ್ತು ಯಾರದು, ಕೊಳ್ಳಲು ಬಂದವನು ಯಾವ ಊರಿನವನು ಎಂಬುದರಲ್ಲಿ ಗುಟ್ಟೇನಿಲ್ಲ. ಬೆಂಗಳೂರಿನ ಕೆಲಸದ ಪೇಟೆ ಈ ರೂಢಿಯನ್ನು ತಲೆಕೆಳಗು ಮಾಡಿದೆ. ಇಲ್ಲಿ ಕೆಲಸ ಹುಡುಕುವವರ ಈಗಿನ ಸಂಬಳ, ಕೇಳುವ ಸಂಬಳ, ನೋಟಿಸ್ ಪೀರಿಯಡ್ ಎಲ್ಲವೂ ಬಯಲಲ್ಲಿ. ಟವೆಲ್ಲಿನ ಕೆಳಗೆ ಅಡಗಿರುವುದು ಕೊಳ್ಳುವವರ ಹೆಸರು. ‘ಕ್ಲೈಂಟ್ ದೊಡ್ಡ ಎಂಎನ್‌ಸಿ, ಲೊಕೇಶನ್ ಔಟರ್ ರಿಂಗ್ ರೋಡ್, ಕಂಪನಿ ಹೆಸರು ಶಾರ್ಟ್‌ಲಿಸ್ಟ್ ಆದ ಮೇಲೆ ಹೇಳ್ತೀವಿ. ರೆಸ್ಯೂಮೆ, ಮೂರು ತಿಂಗಳ ಪೇ ಸ್ಲಿಪ್, ಪ್ಯಾನ್ ನಂಬರ್ ಈಗಲೇ ಕಳಿಸಿ’ ಎನ್ನುವ ಕರೆ ಐಟಿ, ಬ್ಯಾಂಕಿಂಗ್, ಬಿಪಿಒ, ಫಾರ್ಮಾ ಕ್ಷೇತ್ರಗಳಲ್ಲಿ ಕೆಲಸ ಬದಲಿಸಲು ಹೊರಟ ಯಾರಿಗೂ ಹೊಸದಲ್ಲ. ಇದು ವ್ಯವಹಾರದ ಸಹಜ ಕ್ರಮ ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಒಪ್ಪಬಾರದಿತ್ತು. ಒಬ್ಬರ ರೆಸ್ಯೂಮೆ ಮೂರನೆಯವರ ಕೈಯಿಂದ ಯಾವ ಕಂಪನಿಗೆ ಹೋಗುತ್ತದೆ ಎಂಬುದು ಅದು ಹೋಗುವ ಮೊದಲೇ ಆ ವ್ಯಕ್ತಿಗೆ ತಿಳಿದಿರಬೇಕು. ಇದು ಕನ್ಸಲ್ಟೆನ್ಸಿಗಳ ಸೌಜನ್ಯಕ್ಕೆ ಬಿಟ್ಟ ವಿಷಯ ಆಗಬಾರದು, ಕಾನೂನಾಗಬೇಕು.

ಮೊದಲು ದುಡ್ಡಿನ ಲೆಕ್ಕ ನೋಡೋಣ, ಗುಟ್ಟಿನ ಬೇರು ಅಲ್ಲಿದೆ. ಕಾಯಂ ಹುದ್ದೆಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಗೆ ಕಂಪನಿ ಕೊಡುವ ಫೀಸು ನಮ್ಮಲ್ಲಿ ಸಾಮಾನ್ಯವಾಗಿ ಅಭ್ಯರ್ಥಿಯ ವಾರ್ಷಿಕ ಸಿಟಿಸಿಯ, ಅಂದರೆ ಒಟ್ಟು ಸಂಬಳದ ಪ್ಯಾಕೇಜಿನ, ಶೇ 8.33. ವಿಚಿತ್ರವಾಗಿ ಕಾಣುವ ಈ ಅಂಕಿಯ ಅರ್ಥ ಸರಳ, ವರ್ಷದ ಹನ್ನೆರಡನೇ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ಹಿರಿಯ ಹುದ್ದೆಗಳಿಗೆ ಪ್ರಮಾಣ ಇನ್ನೂ ಹೆಚ್ಚು. ಹನ್ನೆರಡು ಲಕ್ಷದ ಕೆಲಸ ಕೂಡಿಸಿದರೆ ಸುಮಾರು ಒಂದು ಲಕ್ಷ ರೂಪಾಯಿ. ಆದರೆ ಅದು ಬರುವುದು ಅಭ್ಯರ್ಥಿ ಸೇರಿದ ಮೇಲೆ. ಮೂರು ತಿಂಗಳೊಳಗೆ ಆತ ಬಿಟ್ಟುಹೋದರೆ ಹಣ ವಾಪಸ್ ಮಾಡಬೇಕು ಅಥವಾ ಇನ್ನೊಬ್ಬರನ್ನು ಹುಡುಕಿಕೊಡಬೇಕು ಎಂಬ ಷರತ್ತೂ ಒಪ್ಪಂದದಲ್ಲಿ ಇರುವುದು ವಾಡಿಕೆ. ಕೆಲಸಕ್ಕೆ ಸೇರಿದ ಮೊದಲ ವಾರಗಳಲ್ಲಿ ಕನ್ಸಲ್ಟೆನ್ಸಿಯಿಂದ ‘ಹೇಗಿದೆ ಸರ್, ಎಲ್ಲ ಆರಾಮಾ?’ ಎಂಬ ಅಕ್ಕರೆಯ ಫೋನು ಬರುವುದು ಇದೇ ಕಾರಣಕ್ಕೆ. ಈಗ ಅದೇ ಅಭ್ಯರ್ಥಿ ಚೌಕಾಶಿ ಮಾಡಿ ಹನ್ನೆರಡರ ಬದಲು ಹದಿನಾಲ್ಕು ಲಕ್ಷ ಪಡೆದ ಎನ್ನಿ. ಅವನಿಗೆ ವರ್ಷಕ್ಕೆ ಎರಡು ಲಕ್ಷ ಲಾಭ, ಕನ್ಸಲ್ಟೆನ್ಸಿಗೆ ಹೆಚ್ಚುವುದು ಒಂದೇ ಸಲ ಹದಿನಾರು ಸಾವಿರ ಚಿಲ್ಲರೆ. ಆ ಹದಿನಾರು ಸಾವಿರಕ್ಕಾಗಿ ಕೈಗೆ ಬಂದ ಲಕ್ಷವನ್ನು ಯಾರೂ ಪಣಕ್ಕಿಡುವುದಿಲ್ಲ. ಹಾಗಾಗಿ ನಡುವೆ ನಿಂತವರ ಹಿತ ಇರುವುದು ನಿಮಗೆ ಒಳ್ಳೆಯ ಸಂಬಳ ಕೊಡಿಸುವುದರಲ್ಲಿ ಅಲ್ಲ, ಬೇಗ ಕೂಡಿಸಿ ಮುಗಿಸುವುದರಲ್ಲಿ. ಕಾಂಟ್ರ್ಯಾಕ್ಟ್ ಕೆಲಸಗಳಲ್ಲಂತೂ ಹಿತಗಳು ನೇರವಾಗಿಯೇ ಎದುರುಬದುರು: ಕಂಪನಿ ಕೊಡುವ ದರದಲ್ಲಿ ನಿಮ್ಮ ಸಂಬಳ ಕಳೆದು ಉಳಿದದ್ದು ಅವರ ಪಾಲು. ನಿಮಗೆ ಕಡಿಮೆಯಾದಷ್ಟೂ ಅವರಿಗೆ ಹೆಚ್ಚು.

ಇದರಲ್ಲಿ ಮೋಸ ಇದೆ ಎನ್ನುತ್ತಿಲ್ಲ. ದಲ್ಲಾಳಿಗೆ ದಲ್ಲಾಳಿಯ ಹಿತ ಇರುವುದು ಸಹಜ. ತೊಂದರೆ ಶುರುವಾಗುವುದು ಒಂದೇ ಹುದ್ದೆಯನ್ನು ಹತ್ತು ಕೈಗಳಿಗೆ ಹಂಚಿದಾಗ. ಕಂಪನಿ ತನ್ನ ಪಟ್ಟಿಯಲ್ಲಿರುವ ಹಲವು ವೆಂಡರ್‌ಗಳಿಗೆ, ಅಂದರೆ ಕನ್ಸಲ್ಟೆನ್ಸಿಗಳಿಗೆ, ಒಂದೇ ಜೆಡಿ (ಕೆಲಸದ ವಿವರ) ಕಳಿಸುತ್ತದೆ. ಅವರು ಅದನ್ನು ತಮ್ಮ ಕೆಳಗಿನ ಸಣ್ಣ ವೆಂಡರ್‌ಗಳಿಗೆ, ಅವರು ಮನೆಯಲ್ಲಿ ಕುಳಿತು ಕಮಿಷನ್ನಿಗೆ ದುಡಿಯುವ ರಿಕ್ರೂಟರ್‌ಗಳಿಗೆ ದಾಟಿಸುತ್ತಾರೆ. ಯಾರು ಮೊದಲು ಪ್ರೊಫೈಲ್ ಹಾಕಿದರೋ ಫೀಸು ಅವರದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಮೂರು ಬೇರೆ ನಂಬರುಗಳಿಂದ, ಪದ ಪದಕ್ಕೂ ಒಂದೇ ಆದ ಕೆಲಸದ ವಿವರ ಬರುವುದು ಹೀಗೆ. ಈ ಓಟದಲ್ಲಿ ಅಭ್ಯರ್ಥಿಯನ್ನು ಕೇಳಿ, ವಿವರಿಸಿ, ಒಪ್ಪಿಗೆ ಪಡೆಯುವಷ್ಟು ವ್ಯವಧಾನ ಯಾರಿಗಿದೆ? ಎಷ್ಟೋ ಸಲ ಸರಪಳಿಯ ಕೊನೆಯಲ್ಲಿರುವ ರಿಕ್ರೂಟರ್‌ಗೇ ಕಂಪನಿಯ ಹೆಸರು ಗೊತ್ತಿರುವುದಿಲ್ಲ. ಜಾಬ್ ಪೋರ್ಟಲ್ಲಿನಿಂದ ಇಳಿಸಿಕೊಂಡ ರೆಸ್ಯೂಮೆಯನ್ನು ಫೋನು ಕೂಡ ಮಾಡದೆ ಮುಂದಕ್ಕೆ ತಳ್ಳುವುದೂ ಉಂಟು.

ಹೆಸರು ಗೊತ್ತಿಲ್ಲದಿದ್ದರೆ ಆಗುವ ನಷ್ಟವೇನು, ಹೋದರೆ ಒಂದು ಪಿಡಿಎಫ್ ತಾನೇ ಎಂದು ಕೇಳಬಹುದು. ನಷ್ಟ ಲೆಕ್ಕಕ್ಕೆ ಸಿಗುವಂಥದ್ದು. ದೊಡ್ಡ ಕಂಪನಿಗಳ ನೇಮಕಾತಿ ಸಾಫ್ಟ್‌ವೇರ್ ಪ್ರತಿ ಅಭ್ಯರ್ಥಿಯನ್ನು ಇಮೇಲ್, ಫೋನ್, ಪ್ಯಾನ್ ಅಥವಾ ಜನ್ಮದಿನಾಂಕದ ಮೂಲಕ ಗುರುತಿಟ್ಟುಕೊಳ್ಳುತ್ತದೆ. ಒಬ್ಬ ವೆಂಡರ್ ಹಾಕಿದ ಪ್ರೊಫೈಲ್ ತಿಂಗಳುಗಟ್ಟಲೆ ಆ ವೆಂಡರ್‌ನ ಖಾತೆಯಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಅದೇ ಕಂಪನಿಯಲ್ಲಿರುವ ಗೆಳತಿಯೊಬ್ಬಳು ನಿಮ್ಮನ್ನು ರೆಫರ್ ಮಾಡಲು ಹೋದರೆ ‘ಈ ಅಭ್ಯರ್ಥಿ ಈಗಾಗಲೇ ಇದ್ದಾರೆ’ ಎಂದು ಸಿಸ್ಟಮ್ ಬಾಗಿಲು ಹಾಕುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಿದರೂ ಅದೇ ಉತ್ತರ. ಇಬ್ಬರು ವೆಂಡರ್‌ಗಳು ಒಂದೇ ಹೆಸರು ಹಾಕಿದರೆ ಫೀಸಿನ ಜಗಳ ನಮಗೇಕೆ ಎಂದು ಕಂಪನಿ ಎರಡನ್ನೂ ಪಕ್ಕಕ್ಕಿಡುವುದೂ ಇದೆ. ಒಮ್ಮೆ ಇಂಟರ್‌ವ್ಯೂ ಆಗಿ ತಿರಸ್ಕೃತರಾದರೆ ಆರು ತಿಂಗಳು ಮತ್ತೆ ಬರಬೇಡಿ ಎಂಬ ನಿಯಮ ಅನೇಕ ಕಡೆ ಇದೆ. ಅಂದಮೇಲೆ ಹೆಸರು ಹೇಳದೆ ಕಳಿಸಿದ ಒಂದೊಂದು ರೆಸ್ಯೂಮೆಯೂ ಅಭ್ಯರ್ಥಿಯ ಒಂದೊಂದು ಅವಕಾಶವನ್ನು ಅವರಿಗೇ ತಿಳಿಯದಂತೆ ಖರ್ಚು ಮಾಡಿರುತ್ತದೆ. ಇನ್ನು ಆ ‘ದೊಡ್ಡ ಎಂಎನ್‌ಸಿ’ ಅಭ್ಯರ್ಥಿ ಈಗ ಕೆಲಸ ಮಾಡುತ್ತಿರುವ ಕಂಪನಿಯದೇ ಸೋದರ ಸಂಸ್ಥೆಯಾಗಿದ್ದರೆ, ಅಥವಾ ಅದೇ ಕಂಪನಿಯಾಗಿದ್ದರೆ? ಕೆಲಸ ಬಿಡುವ ಯೋಚನೆ ಮ್ಯಾನೇಜರ್‌ಗೆ ತಲುಪಲು ಅಷ್ಟು ಸಾಕು. ತೊಂಬತ್ತು ದಿನಗಳ ನೋಟಿಸ್ ಪೀರಿಯಡ್ ಸಾಮಾನ್ಯವಾಗಿರುವ ಐಟಿ ವಲಯದಲ್ಲಿ ಅದರ ಪರಿಣಾಮ ಏನೆಂದು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಆಳದ ಹಾನಿ ಇನ್ನೊಂದಿದೆ. ಗುಟ್ಟು ರೂಢಿಯಾದ ಕಡೆ ನಿಜವಾದ ಕನ್ಸಲ್ಟೆನ್ಸಿಗೂ ಸುಳ್ಳು ಕನ್ಸಲ್ಟೆನ್ಸಿಗೂ ವ್ಯತ್ಯಾಸ ಕಾಣುವುದಿಲ್ಲ. ಕೈಯಲ್ಲಿ ಹುದ್ದೆಯೇ ಇಲ್ಲದೆ ಡೇಟಾಬೇಸ್ ತುಂಬಿಸಿಕೊಳ್ಳಲು ಕರೆ ಮಾಡುವವರು, ಈಗಿನ ಸಂಬಳದ ಮಾಹಿತಿ ಕಲೆಹಾಕಲು ಕರೆ ಮಾಡುವವರು, ಫ್ರೆಷರ್‌ಗಳಿಂದ ‘ರಿಜಿಸ್ಟ್ರೇಷನ್ ಫೀ’ ಕಸಿಯಲು ಕರೆ ಮಾಡುವವರು, ಎಲ್ಲರೂ ಆಡುವುದು ಒಂದೇ ಮಾತು: ಕ್ಲೈಂಟ್ ಹೆಸರು ಕಾನ್ಫಿಡೆನ್ಷಿಯಲ್. ನಿಜವಾದ ರಿಕ್ರೂಟರ್ ಕೂಡ ಅದನ್ನೇ ಹೇಳುವುದರಿಂದ ಕಳ್ಳನಿಗೆ ಪುಕ್ಕಟೆ ಮುಸುಕು ಸಿಕ್ಕಂತಾಗಿದೆ. ಕಂಪನಿಯ ಹೆಸರು ಹೇಳಲೇಬೇಕು ಎಂದಾದರೆ ಅಭ್ಯರ್ಥಿ ಆ ಕಂಪನಿಯ ಕರಿಯರ್ಸ್ ಪುಟ ನೋಡಬಹುದು, ಅಲ್ಲಿರುವ ಪರಿಚಯದವರನ್ನು ಕೇಳಬಹುದು. ಸುಳ್ಳು ಹೇಳುವವನು ಹೆಸರನ್ನೂ ಸುಳ್ಳೇ ಹೇಳಬಹುದು, ನಿಜ. ಆದರೆ ಹೇಳಿದ ಸುಳ್ಳನ್ನು ಪರೀಕ್ಷಿಸಬಹುದು, ಹೇಳದೇ ಬಿಟ್ಟದ್ದನ್ನು ಪರೀಕ್ಷಿಸುವುದು ಹೇಗೆ?

ಈ ಗುಟ್ಟಿನ ಕತ್ತಲೆ ಕಂಪನಿಗಳ ಒಳಗೂ ಹಬ್ಬುತ್ತದೆ. ದೇಶದ ಅತಿ ದೊಡ್ಡ ಐಟಿ ಸಂಸ್ಥೆಯಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್‌ನಲ್ಲಿ, ಸಿಬ್ಬಂದಿ ಪೂರೈಸುವ ಸಂಸ್ಥೆಗಳಿಗೆ ಒಳಗಿನ ಕೆಲವರು ಅನುಕೂಲ ಮಾಡಿಕೊಡುತ್ತಿದ್ದಾರೆಂಬ ದೂರು 2023ರಲ್ಲಿ ಬಹಿರಂಗವಾಯಿತು. ತನಿಖೆ ಮುಗಿಸಿ ಆ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿಯೇ ತಿಳಿಸಿದ ಪ್ರಕಾರ 19 ನೌಕರರ ಪಾತ್ರ ಕಂಡುಬಂದಿತ್ತು. ಅವರಲ್ಲಿ 16 ಮಂದಿ ಕೆಲಸ ಕಳೆದುಕೊಂಡರು, ಮೂವರನ್ನು ಆ ವಿಭಾಗದಿಂದ ತೆಗೆಯಲಾಯಿತು, ಆರು ವೆಂಡರ್ ಸಂಸ್ಥೆಗಳಿಗೆ ಬಾಗಿಲು ಮುಚ್ಚಲಾಯಿತು. ತನಗೆ ಹಣಕಾಸಿನ ಪೆಟ್ಟು ಬಿದ್ದಿಲ್ಲ ಎಂದೂ ಕಂಪನಿ ಹೇಳಿತು. ಇರಬಹುದು. ಅಷ್ಟು ಕಟ್ಟುನಿಟ್ಟಿನ ಆಡಳಿತ ಇರುವ ಕಡೆಯೇ ಹೀಗಾದರೆ, ಯಾವ ವೆಂಡರ್ ಯಾರ ಪ್ರೊಫೈಲನ್ನು ಎಲ್ಲಿಗೆ ಕಳಿಸಿದ ಎಂಬ ದಾಖಲೆಯೇ ಇಲ್ಲದ ಸಣ್ಣ ಸರಪಳಿಗಳಲ್ಲಿ ಏನು ನಡೆಯುತ್ತಿರಬಹುದು ಎಂದು ಕೇಳುವುದು ಅತಿಯಾಗದು.

ಈ ವಾದಕ್ಕೆ ಕನ್ಸಲ್ಟೆನ್ಸಿಗಳ ಕಡೆಯಿಂದ ಬರುವ ಮೊದಲ ಉತ್ತರ ಗಟ್ಟಿಯಾದದ್ದೇ. ಹೆಸರು ಹೇಳಿದ ಕೂಡಲೇ ಅಭ್ಯರ್ಥಿ ನೇರವಾಗಿ ಅರ್ಜಿ ಹಾಕಿಬಿಡುತ್ತಾನೆ, ಇಲ್ಲವೇ ಇನ್ನೊಂದು ಕನ್ಸಲ್ಟೆನ್ಸಿಗೆ ತಿಳಿಸುತ್ತಾನೆ. ವಾರಗಟ್ಟಲೆ ಹುಡುಕಿದ ನಮ್ಮ ಶ್ರಮ ನೀರುಪಾಲು ಎನ್ನುತ್ತಾರೆ. ಹಾಗೆ ಮಾಡುವ ಅಭ್ಯರ್ಥಿಗಳು ಇಲ್ಲವೆನ್ನಲಾಗದು. ಒಂದು ಆಫರ್ ಲೆಟರ್ ತೋರಿಸಿ ಇನ್ನೊಂದು ಕಡೆ ಸಂಬಳ ಏರಿಸಿಕೊಂಡು, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡುವವರೂ ಇದ್ದಾರೆ. ಆದರೆ ಈ ಭಯಕ್ಕೆ ಮದ್ದು ಕಂಪನಿಯೊಂದಿಗಿನ ಒಪ್ಪಂದದಲ್ಲಿ ಇರಬೇಕೇ ಹೊರತು ಅಭ್ಯರ್ಥಿಯ ಕಣ್ಣಿಗೆ ಕಟ್ಟುವ ಬಟ್ಟೆಯಲ್ಲಿ ಅಲ್ಲ. ಹೆಸರು ತಿಳಿಸಿ, ‘ಈ ಹುದ್ದೆಗೆ ನಿಮ್ಮ ಮೂಲಕವೇ ನನ್ನ ಪ್ರೊಫೈಲ್ ಹೋಗಲಿ’ ಎಂದು ಅಭ್ಯರ್ಥಿಯಿಂದ ಒಂದು ಸಾಲಿನ ಇಮೇಲ್ ಪಡೆದರೆ ದಿನಾಂಕ, ಸಮಯ ಸಮೇತ ದಾಖಲೆ ಸಿಗುತ್ತದೆ. ವೆಂಡರ್‌ಗಳ ಜಗಳದಲ್ಲಿ ಕಂಪನಿ ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಕೆಲವು ಒಳ್ಳೆಯ ಏಜೆನ್ಸಿಗಳು ಈಗಲೂ ಹೀಗೇ ಮಾಡುತ್ತವೆ. ಅಲ್ಲದೆ, ಹೆಸರು ಗೊತ್ತಾದ ಮಾತ್ರಕ್ಕೆ ಅಭ್ಯರ್ಥಿ ಬಿಟ್ಟುಹೋಗುತ್ತಾನೆ ಎಂದಾದರೆ, ಆ ಏಜೆನ್ಸಿ ಮಾರುತ್ತಿದ್ದುದು ತನ್ನ ಸೇವೆಯನ್ನಲ್ಲ, ಹೆಸರೊಂದನ್ನೇ. ಹುದ್ದೆಯ ಒಳಹೊರಗು ತಿಳಿಸುವ, ಇಂಟರ್‌ವ್ಯೂಗೆ ತಯಾರು ಮಾಡುವ, ಎಚ್‌ಆರ್ ಜೊತೆ ನಮ್ಮ ಪರ ಮಾತಾಡುವ ರಿಕ್ರೂಟರ್‌ನನ್ನು ಬಿಟ್ಟು ವೆಬ್‌ಸೈಟಿನ ಫಾರ್ಮ್ ತುಂಬಲು ಯಾರೂ ಓಡುವುದಿಲ್ಲ.

ಎರಡನೆಯ ಆಕ್ಷೇಪ ಕಂಪನಿಗಳದು. ಈಗ ಹುದ್ದೆಯಲ್ಲಿರುವವರನ್ನು ಬದಲಿಸುವ ಮೊದಲು ಸದ್ದಿಲ್ಲದೆ ಹುಡುಕಬೇಕಾಗುತ್ತದೆ. ಹೊಸ ಕೇಂದ್ರ ತೆರೆಯುವ ಸುದ್ದಿ ಪ್ರತಿಸ್ಪರ್ಧಿಗೆ ಮೊದಲೇ ಸಿಗಬಾರದು. ಈ ಗೋಪ್ಯತೆಗೆ ಅರ್ಥವಿದೆ. ಆದರೆ ಅದು ಎಷ್ಟು ಹುದ್ದೆಗಳಿಗೆ ಅನ್ವಯಿಸುತ್ತದೆ? ಕಂಪನಿಯ ಮುಖ್ಯಸ್ಥರು, ಹಣಕಾಸು ಮುಖ್ಯಸ್ಥರು, ಇನ್ನು ಕೆಲವು ಮೇಲಿನ ಕುರ್ಚಿಗಳು. ಅಂಥ ಹುಡುಕಾಟದಲ್ಲೂ ನುರಿತ ಸಂಸ್ಥೆಗಳು ಮೊದಲ ಮಾತುಕತೆಯನ್ನು ಹೆಸರಿಲ್ಲದೆ ನಡೆಸಿ, ಆಸಕ್ತಿ ಕಂಡರೆ ಗೋಪ್ಯತಾ ಪತ್ರಕ್ಕೆ ಸಹಿ ಪಡೆದು, ನಂತರ ಹೆಸರು ತಿಳಿಸಬಹುದು. ನಾನು ಕೇಳುತ್ತಿರುವುದು ಮೊದಲ ಫೋನಿನಲ್ಲೇ ಹೆಸರು ಹೇಳಿ ಎಂದಲ್ಲ, ರೆಸ್ಯೂಮೆ ದಾಟಿಸುವ ಮೊದಲು ಹೇಳಿ ಎಂದು. ಮೂರು ವರ್ಷ ಅನುಭವದ ಜಾವಾ ಡೆವಲಪರ್ ಹುದ್ದೆಯಲ್ಲಿ, ವೈಟ್‌ಫೀಲ್ಡಿನ ಕಾಲ್ ಸೆಂಟರಿನ ರಾತ್ರಿ ಪಾಳಿಯಲ್ಲಿ ಯಾವ ರಾಜರಹಸ್ಯ ಅಡಗಿದೆ? ಎಷ್ಟೋ ಸಲ ಜೆಡಿಯ ಒಂದು ಸಾಲನ್ನು ಗೂಗಲ್‌ನಲ್ಲಿ ಹಾಕಿದರೆ ಕಂಪನಿಯ ಪುಟವೇ ತೆರೆದುಕೊಳ್ಳುತ್ತದೆ. ಅಷ್ಟರಮಟ್ಟಿನ ಗುಟ್ಟು ಅದು.

ಮೂರನೆಯದು ಅಭ್ಯರ್ಥಿಗಳೇ ಹೇಳುವ ಮಾತು, ಮತ್ತು ಉತ್ತರಿಸಲು ಅತ್ಯಂತ ಕಷ್ಟದ್ದು. ಹೆಸರು ಕೇಳಿ ಹಟ ಹಿಡಿದರೆ ರಿಕ್ರೂಟರ್‌ಗಳು ಫೋನಿಟ್ಟು ಮುಂದಿನವರಿಗೆ ಮಾಡುತ್ತಾರೆ. ಕೆಲಸ ಹೋಗಿ ಮೂರು ತಿಂಗಳಾಗಿ ಇಎಂಐ ಕಟ್ಟಬೇಕಾದವರಿಗೆ ಇಂಥ ತತ್ವ ಕೈಗೆಟುಕುವುದಿಲ್ಲ. ಇದು ಪೂರಾ ನಿಜ. ಹತ್ತು ವರ್ಷ ಅನುಭವ ಇರುವವರು ಷರತ್ತು ಹಾಕಬಹುದು, ಹಾವೇರಿಯಿಂದಲೋ ರಾಯಚೂರಿನಿಂದಲೋ ಡಿಗ್ರಿ ಮುಗಿಸಿ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಕುಳಿತ ಹುಡುಗಿ ಹಾಕಲಾರಳು. ‘ಎಚ್ಚರಿಕೆಯಿಂದಿರಿ’ ಎಂಬ ಉಪದೇಶ ಇಲ್ಲಿ ನಿರುಪಯೋಗಿ ಆಗುವುದು ಅದಕ್ಕೇ. ಒಬ್ಬೊಬ್ಬರಾಗಿ ಕೇಳಿದರೆ ಕೇಳಿದವರೇ ಸೋಲುತ್ತಾರೆ. ಎಲ್ಲರ ಪರವಾಗಿ ನಿಯಮವೇ ಕೇಳಿದರೆ ಯಾರೂ ಸೋಲುವುದಿಲ್ಲ.

ಅಂಥ ನಿಯಮ ಹೊಸ ಕಲ್ಪನೆಯಲ್ಲ. ಬ್ರಿಟನ್ನಿನಲ್ಲಿ ಉದ್ಯೋಗ ಏಜೆನ್ಸಿಗಳ ಕಾಯ್ದೆ 1973ರಿಂದ ಇದೆ. ಅದರಡಿ 2003ರಲ್ಲಿ ಬಂದ ನಡವಳಿಕೆ ನಿಯಮಗಳ ಪ್ರಕಾರ, ಏಜೆನ್ಸಿ ಮೊದಲು ಉದ್ಯೋಗದಾತರಿಂದ ಅವರ ಗುರುತು, ವ್ಯವಹಾರ, ಕೆಲಸದ ಸ್ವರೂಪ, ಸಂಬಳದಂಥ ವಿವರ ಪಡೆದಿರಬೇಕು. ಅಭ್ಯರ್ಥಿಯ ಮುಂದೆ ಹುದ್ದೆಯೊಂದನ್ನು ಇಡುವಾಗ ಆ ವಿವರಗಳನ್ನು ಅವರಿಗೂ ಕೊಡಬೇಕು, ಉದ್ಯೋಗದಾತರಿಗೆ ಪರಿಚಯಿಸುವ ಮೊದಲು ಆ ಹುದ್ದೆಗೆ ಅವರು ಒಪ್ಪಿದ್ದಾರೆ ಎಂಬುದನ್ನು ಖಚಿತಪಡಿಸಿಕೊಂಡಿರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಖಾಸಗಿ ಉದ್ಯೋಗ ಏಜೆನ್ಸಿಗಳ ಬಗ್ಗೆ 1997ರಲ್ಲಿ ಒಡಂಬಡಿಕೆ ಮಾಡಿದೆ. ಭಾರತ ಅದನ್ನು ಅನುಮೋದಿಸಿಲ್ಲ.

ಹಾಗೆಂದು ನಮ್ಮ ದೇಶಕ್ಕೆ ಏಜೆಂಟರನ್ನು ನಿಯಂತ್ರಿಸಲು ಬರುವುದೇ ಇಲ್ಲ ಎನ್ನುವಂತಿಲ್ಲ. 1983ರ ವಲಸೆ ಕಾಯ್ದೆಯಡಿ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಲೇಬೇಕು, ಬ್ಯಾಂಕ್ ಗ್ಯಾರಂಟಿ ಇಡಬೇಕು, ವಿದೇಶಿ ಉದ್ಯೋಗದಾತರ ಬೇಡಿಕೆ ಪತ್ರ ತೋರಿಸಬೇಕು. ಕೆಲಸಗಾರರಿಂದ ಪಡೆಯುವ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮೀರುವಂತಿಲ್ಲ. ಈ ಕಾನೂನನ್ನು ದಾಟಿ ಹೋದರೆ ಏನಾಗುತ್ತದೆ ಎಂಬುದನ್ನು ಕಲಬುರಗಿ ಜಿಲ್ಲೆ ಕಂಡಿದೆ: ಭದ್ರತಾ ಸಿಬ್ಬಂದಿಯ ಕೆಲಸ ಎಂಬ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದ ಅಲ್ಲಿನ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿದ ಸುದ್ದಿ 2024ರ ಫೆಬ್ರುವರಿಯಲ್ಲಿ ಹೊರಬಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು, ಒಂದು ಪ್ರಾಣದ ಪ್ರಶ್ನೆ, ಇನ್ನೊಂದು ಸಂಬಳದ್ದು. ಆದರೂ ದುಬೈಗೆ ಗಾರೆ ಕೆಲಸದವರನ್ನು ಕಳಿಸಲು ಇಷ್ಟೆಲ್ಲ ಕಾಗದ ಬೇಕೆನ್ನುವ ಸರ್ಕಾರ, ಮೈಸೂರಿನ ಎಂಜಿನಿಯರನ್ನು ಬೆಂಗಳೂರಿನ ಕಂಪನಿಗೆ ಕೂಡಿಸುವವರಿಂದ ಅಂಗಡಿಯೊಂದಕ್ಕೆ ಬೇಕಾದಷ್ಟು ನೋಂದಣಿಗಿಂತ ಹೆಚ್ಚಿನದನ್ನು ಕೇಳುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆಯಲ್ಲ, ಇನ್ನೊಂದು ಕಾನೂನು ಏಕೆ ಎಂದು ಕಾನೂನು ಬಲ್ಲವರು ಕೇಳಬಹುದು. 2023ರ ಆ ಕಾಯ್ದೆ ಒಪ್ಪಿಗೆ ಎಂಬುದು ಮುಕ್ತವೂ ನಿರ್ದಿಷ್ಟವೂ ಆಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ತನ್ನ ಮಾಹಿತಿ ಯಾರ್ಯಾರಿಗೆ ಹೋಗಿದೆ ಎಂದು ಕೇಳಿ ತಿಳಿಯುವ ಹಕ್ಕನ್ನೂ ಕೊಡುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು. ಕಾಯ್ದೆ ಒಳ್ಳೆಯದೇ. ಆದರೆ ಅದು ಕೊಡುವುದು ಹೋದ ಮೇಲೆ ಕೇಳುವ ಹಕ್ಕು. ಬಾಣ ಬಿಟ್ಟ ಮೇಲೆ ಗುರಿ ಯಾವುದೆಂದು ತಿಳಿದು ಏನು ಪ್ರಯೋಜನ? ಅಭ್ಯರ್ಥಿ ತಾನಾಗಿಯೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ರೆಸ್ಯೂಮೆಗೆ ಬೇರೆ ಒಪ್ಪಿಗೆ ಬೇಕಿಲ್ಲ ಎಂದು ವಾದಿಸಲು ಅದರಲ್ಲಿ ಜಾಗವೂ ಇದೆ.

ಕೇಂದ್ರದ ದಾರಿ ಕಾಯುತ್ತ ಕೂರುವ ಅಗತ್ಯ ಕರ್ನಾಟಕಕ್ಕಿಲ್ಲ. ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ಕಾಯ್ದೆ ತಂದಿತು. ಕೆಲಸ ಹಂಚುವ ಆ್ಯಪ್‌ಗಳ ವ್ಯವಸ್ಥೆ ಪಾರದರ್ಶಕವಾಗಿರಬೇಕು ಎಂಬ ತತ್ವವನ್ನು ಅದರಲ್ಲಿ ಒಪ್ಪಿಕೊಂಡಿತು. ಫುಡ್ ಡೆಲಿವರಿ ಹುಡುಗನಿಗೆ ಸಲ್ಲುವ ಪಾರದರ್ಶಕತೆ ಉದ್ಯೋಗಾಕಾಂಕ್ಷಿಗೆ ಏಕೆ ಸಲ್ಲಬಾರದು? ಲೈಸೆನ್ಸ್ ರಾಜ್ ಮರಳುತ್ತದೆ ಎಂದು ಹುಯಿಲೆಬ್ಬಿಸುವವರಿಗೆ ಹೇಳಬೇಕಾದ್ದು ಇಷ್ಟು: ಇಲ್ಲಿ ಇನ್‌ಸ್ಪೆಕ್ಟರ್ ಬೇಡ, ಪರವಾನಗಿಯ ಕ್ಯೂ ಬೇಡ. ಏಜೆನ್ಸಿಯ ಹೆಸರು ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಒಂದು ಸಾಲಾಗಿ ದಾಖಲಾಗಲಿ. ಕಂಪನಿಯ ಹೆಸರು ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯದೆ ಪ್ರೊಫೈಲ್ ಕಳಿಸುವುದು ದಂಡಾರ್ಹವಾಗಲಿ. ಒಪ್ಪಿಗೆಯಿಲ್ಲದೆ ಬಂದ ಪ್ರೊಫೈಲಿನ ಮೇಲೆ ಯಾವ ವೆಂಡರ್‌ಗೂ ಹಕ್ಕು ಹುಟ್ಟದಿರಲಿ. ಮೂರನೆಯದು ಮುಖ್ಯ. ಫೀಸೇ ಸಿಗದು ಎಂದಾದ ದಿನ ಕುರುಡಾಗಿ ಕಳಿಸುವ ಓಟ ತಾನಾಗಿ ನಿಲ್ಲುತ್ತದೆ. ಇದನ್ನು ಜಾರಿಗೆ ತರಲು ಕಂಪನಿಗಳು ಕಾನೂನಿಗೂ ಕಾಯಬೇಕಾಗಿಲ್ಲ. ತಮ್ಮ ಅಧಿಕೃತ ವೆಂಡರ್‌ಗಳ ಪಟ್ಟಿಯನ್ನು ಕರಿಯರ್ಸ್ ಪುಟದಲ್ಲಿ ಹಾಕಲು, ಅಭ್ಯರ್ಥಿಯ ಒಪ್ಪಿಗೆಯ ಇಮೇಲ್ ಇಲ್ಲದ ಪ್ರೊಫೈಲನ್ನು ಸಾಫ್ಟ್‌ವೇರ್ ಸ್ವೀಕರಿಸದಂತೆ ಮಾಡಲು ಒಂದು ವಾರದ ಕೆಲಸ.

ಅಲ್ಲಿಯವರೆಗೆ, ಸ್ವಲ್ಪವಾದರೂ ಕಾಯುವ ಶಕ್ತಿ ಇರುವವರು ಮುಂದಿನ ಕರೆ ಬಂದಾಗ ಫೋನಿನಲ್ಲಿ ವಾದ ಮಾಡಬೇಡಿ. ಪ್ಯಾನ್, ಪೇ ಸ್ಲಿಪ್ ಕಳಿಸಬೇಡಿ; ಕಂಪನಿಯ ಹೆಸರನ್ನೇ ಹೇಳದವರಿಗೆ ಅವುಗಳ ಅಗತ್ಯ ಇಲ್ಲ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲಿನ ಇಮೇಲ್ ಬರೆಯಿರಿ: ‘ಕಂಪನಿ ಮತ್ತು ಹುದ್ದೆಯ ಹೆಸರು ತಿಳಿಸಿದರೆ ಆ ಹುದ್ದೆಗೆ ಮಾತ್ರ ನನ್ನ ಪ್ರೊಫೈಲ್ ಕಳಿಸಲು ಒಪ್ಪಿಗೆ ಕೊಡುತ್ತೇನೆ. ಅದಕ್ಕೆ ಮೊದಲು ಎಲ್ಲಿಗೂ ಕಳಿಸಬೇಡಿ.’ ಕಳಿಸಿದ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳಿ. ನಾಳೆ ಯಾವುದಾದರೂ ಎಚ್‌ಆರ್ ‘ನಿಮ್ಮ ಪ್ರೊಫೈಲ್ ಈಗಾಗಲೇ ನಮ್ಮಲ್ಲಿದೆ’ ಎಂದಾಗ ತೋರಿಸಲು ಈಗಿನ ಸ್ಥಿತಿಯಲ್ಲಿ ನಿಮ್ಮ ಬಳಿ ಇರುವ ದಾಖಲೆ ಅದೊಂದೇ.